ರಣಹದ್ದಿನ ಕಾಲಲ್ಲಿದ್ದ ಬರಹ
(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಈ ದತ್ತಿಯನ್ನು ಇಟ್ಟ ಕುಟುಂಬದವರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟುಕೊಟ್ಟರು. ಅವರ ಆ ನಂಬಿಕೆಗೆ ನಾನು ಋಣಿ. ಸುದ್ದಿಯಲ್ಲಿ, ಜಾಹೀರಾತಿನಲ್ಲಿ ಬರುವ ಮಾತನ್ನು ಅದು ಹುಟ್ಟಿದ ಜಾಗದಲ್ಲಿ ಇಟ್ಟು ಪರೀಕ್ಷಿಸುವುದು ಹೇಗೆ ಎಂಬುದು ನಾನು ಆರಿಸಿಕೊಂಡ ವಿಷಯ. ಉದಾಹರಣೆ ಹುಡುಕಿಕೊಂಡು ದಿಲ್ಲಿಗೋ ವಿದೇಶಕ್ಕೋ ಹೋಗಬೇಕಾಗಿಲ್ಲ. ಕಾಳಿ ನದಿಗೂ ಗಂಗಾವಳಿಗೂ ನಡುವಿನ ಈ ಕಿರಿದಾದ ಕರಾವಳಿಯೇ ಬೇಕಾದಷ್ಟನ್ನು ಕೊಟ್ಟಿದೆ.

2024ರ ನವೆಂಬರ್‌ನಲ್ಲಿ ಕಾರವಾರದ ಕೋಡಿಬಾಗದಲ್ಲಿ ಬೆನ್ನಿಗೆ ಜಿಪಿಎಸ್ ಸಾಧನ ಕಟ್ಟಿದ್ದ ರಣಹದ್ದೊಂದು ಕಾಣಿಸಿತು. ಊರಿನ ಒಂದು ದಿಕ್ಕಿಗೆ ಕದಂಬ ನೌಕಾನೆಲೆ, ಇನ್ನೊಂದು ದಿಕ್ಕಿಗೆ ಕೈಗಾ ಅಣು ವಿದ್ಯುತ್ ಸ್ಥಾವರ. ಗೂಢಚರ್ಯೆಗೆ ಬಂದ ಹಕ್ಕಿ ಎಂಬ ಮಾತು ಹಬ್ಬಲು ಅಷ್ಟು ಸಾಕಾಯಿತು. ಪೊಲೀಸರೂ ಅರಣ್ಯ ಇಲಾಖೆಯವರೂ ನೋಡಿದಾಗ ಹಕ್ಕಿಯ ಕಾಲಿನ ಪಟ್ಟಿಯಲ್ಲಿಯೇ ಉತ್ತರ ಬರೆದಿತ್ತು: ಮಹಾರಾಷ್ಟ್ರದ ತಾಡೋಬಾ-ಅಂಧಾರಿ ಹುಲಿ ಸಂರಕ್ಷಿತ ಪ್ರದೇಶ. ಅಳಿವಿನ ಅಂಚಿಗೆ ಬಂದ ರಣಹದ್ದುಗಳನ್ನು ಮತ್ತೆ ಕಾಡಿಗೆ ಬಿಟ್ಟು, ಅವು ಎಲ್ಲಿಗೆ ಹೋಗುತ್ತವೆ, ಏನು ತಿನ್ನುತ್ತವೆ, ಎಲ್ಲಿ ಸಾಯುತ್ತವೆ ಎಂದು ತಿಳಿಯಲು ಅಲ್ಲಿನವರು ಕಟ್ಟಿದ ಸಾಧನ ಅದು.

ವರ್ಷ ಕಳೆದ ಮೇಲೆ, 2025ರ ಡಿಸೆಂಬರ್‌ನಲ್ಲಿ, ಅದೇ ಊರಿನ ಕಡಲತೀರದಲ್ಲಿ ಜಿಪಿಎಸ್ ಹೊತ್ತ ಕಡಲಹಕ್ಕಿಯೊಂದು ಸಿಕ್ಕಿತು. ಈ ಸಲದ ಸಾಧನ ಚೀನಾದ ವಿಜ್ಞಾನ ಅಕಾಡೆಮಿಗೆ ಸೇರಿದ ಸಂಶೋಧನಾ ಕೇಂದ್ರದ್ದು. ಚೀನಾ ಎಂಬ ಹೆಸರು ಕೇಳಿದ ಕೂಡಲೇ ಏನು ಮಾತು ಹುಟ್ಟಬಹುದೋ ಅದೇ ಹುಟ್ಟಿತು. ಆದರೆ ಸಾಧನದ ಮೇಲೆ ಸಂಸ್ಥೆಯ ಹೆಸರಿತ್ತು, ಹಕ್ಕಿ ಸಿಕ್ಕವರು ಬರೆದು ತಿಳಿಸಲು ಇ-ಮೇಲ್ ವಿಳಾಸವೂ ಇತ್ತು. ತನ್ನ ವಿಳಾಸವನ್ನು ತಾನೇ ಬರೆದುಕೊಂಡು ಬರುವ ಗೂಢಚಾರ ಇರುವುದಿಲ್ಲ. ಭದ್ರತೆಯ ಊರಿನಲ್ಲಿ ಅನುಮಾನ ಬರುವುದು ತಪ್ಪಲ್ಲ, ವಿಚಾರಣೆ ನಡೆದದ್ದೂ ಸರಿ. ಅನುಮಾನ ಹಬ್ಬುವುದಕ್ಕೆ ಮೊದಲು ಸಾಧನದ ಮೇಲಿನ ಬರಹವನ್ನು ಓದಬೇಕಿತ್ತು, ಅಷ್ಟೇ.

ಈ ಗದ್ದಲದಲ್ಲಿ ನಾವು ಕಳೆದುಕೊಂಡದ್ದು ಏನು ಎಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ. 1990ರ ದಶಕದಿಂದ ಈಚೆಗೆ ಭಾರತದ ರಣಹದ್ದುಗಳು ಮುಕ್ಕಾಲಿಗಿಂತ ಎಷ್ಟೋ ಹೆಚ್ಚು ನಾಶವಾದವು. ಕಾರಣ, ದನಕರುಗಳಿಗೆ ನೋವು ಶಮನಕ್ಕೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧಿ. ಆ ಔಷಧಿ ಪಡೆದು ಸತ್ತ ದನದ ಮಾಂಸ ತಿಂದ ಹದ್ದಿನ ಮೂತ್ರಪಿಂಡ ನಿಂತುಹೋಗುತ್ತಿತ್ತು. ಪಶುಗಳಿಗೆ ಅದರ ಬಳಕೆಯನ್ನು ಸರ್ಕಾರ 2006ರಲ್ಲಿ ನಿಷೇಧಿಸಿತು. ಹೀಗೆ ಅಳಿವಿನ ಅಂಚಿಗೆ ಬಂದ ಕುಲದ ಒಂದು ಹಕ್ಕಿ ವಿದರ್ಭದಿಂದ ಕಾರವಾರದವರೆಗೆ ಹಾರಿ ಬಂದದ್ದು ಈ ಜಿಲ್ಲೆಯ ಪ್ರತಿಯೊಂದು ಶಾಲೆಯಲ್ಲಿ ಮಕ್ಕಳಿಗೆ ಹೇಳಬೇಕಾದ ಸುದ್ದಿ. ನಮಗೆ ತಲುಪಿದ್ದು ಗೂಢಚಾರಿಯ ಸುದ್ದಿ.

ಹಕ್ಕಿ ನಿಜ, ಸಾಧನ ನಿಜ, ಚಿತ್ರ ನಿಜ. ಸುಳ್ಳು ಸುದ್ದಿ ಎಂದರೆ ಯಾರೋ ಕೂತು ಕಟ್ಟಿದ ಕಟ್ಟುಕಥೆ ಎಂದು ನಾವು ಅಂದುಕೊಂಡಿದ್ದೇವೆ. ಅಂಥವೂ ಇವೆ, ಈಗ ಯಂತ್ರದಿಂದ ಮಾಡಿದ ಚಿತ್ರ, ಧ್ವನಿಗಳೂ ಬಂದಿವೆ. ಆದರೆ ನಾನು ಕಂಡಂತೆ ಜನರನ್ನು ಹೆಚ್ಚು ದಾರಿ ತಪ್ಪಿಸುವುದು ನಿಜವೇ ಆದ, ಆದರೆ ತನ್ನ ದಿನಾಂಕ, ಸ್ಥಳ, ಷರತ್ತುಗಳಿಂದ ಕಿತ್ತು ತಂದ ಮಾತು. ಸುಳ್ಳನ್ನು ಹಿಡಿಯುವುದು ಸುಲಭ. ಬೇರು ಕಿತ್ತ ನಿಜವನ್ನು ಹಿಡಿಯಲು ಅದು ಎಲ್ಲಿಂದ ಬಂತೋ ಅಲ್ಲಿಯವರೆಗೆ ನಡೆದು ಹೋಗಬೇಕು.

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. ಪ್ರವಾಸದ ಜಾಹೀರಾತುಗಳಲ್ಲಿ ಟಾಗೋರರು ಕಾರವಾರವನ್ನು ಕರ್ನಾಟಕದ ಕಾಶ್ಮೀರ ಎಂದು ಕರೆದರು ಎಂಬ ಮಾತು ಸಿಗುತ್ತದೆ. ಅವರು ಇಲ್ಲಿಗೆ ಬಂದದ್ದು 1882ರಲ್ಲಿ ಎಂದೂ, ಆಗ ಅವರಿಗೆ 22 ವರ್ಷ ಎಂದೂ ಬರೆದಿರುತ್ತದೆ. ಈ ಮೂರನ್ನೂ ಮೂಲದ ಎದುರು ಇಟ್ಟು ನೋಡೋಣ.

ಮೂಲ ಎಂದರೆ ಅವರದೇ ಆತ್ಮಕಥನ, 1912ರಲ್ಲಿ ಪುಸ್ತಕವಾಗಿ ಬಂದ ‘ಜೀವನಸ್ಮೃತಿ’. ಅದರಲ್ಲಿ ಕಾರವಾರಕ್ಕೇ ಒಂದು ಅಧ್ಯಾಯವಿದೆ. ಅವರ ಅಣ್ಣ ಸತ್ಯೇಂದ್ರನಾಥ ಟಾಗೋರರು, ಐಸಿಎಸ್ ಪರೀಕ್ಷೆಯಲ್ಲಿ ಗೆದ್ದ ಮೊದಲ ಭಾರತೀಯರು, ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಬೆಟ್ಟಗಳು ಸುತ್ತುವರಿದ ಚಿಕ್ಕ ಬಂದರು, ಅರ್ಧಚಂದ್ರಾಕಾರದ ಮರಳ ದಂಡೆ, ಅದರ ಅಂಚಿಗೆ ಗಾಳಿಮರಗಳ ಕಾಡು, ಬೆಟ್ಟಗಳ ನಡುವಿನಿಂದ ಹರಿದು ಕಡಲು ಸೇರುವ ಕಾಳಿ ಇವೆಲ್ಲ ಅದರಲ್ಲಿವೆ. ಸಂಸ್ಕೃತ ಕಾವ್ಯಗಳ ಮಲಯಾಚಲ, ಏಲಕ್ಕಿ ಮತ್ತು ಶ್ರೀಗಂಧದ ನಾಡು ಇದೇ ಎಂದು ಅವರು ಗುರುತಿಸುತ್ತಾರೆ. ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿಯ ಮೇಲಕ್ಕೆ ಹೋದದ್ದು, ಶಿವಾಜಿಯ ಹಳೆಯ ಕೋಟೆಯ ಬೆಟ್ಟದ ಬಳಿ ಇಳಿದು ರೈತನೊಬ್ಬನ ಗುಡಿಸಿಟ್ಟ ಅಂಗಳದಲ್ಲಿ ಕೂತು ಬುತ್ತಿ ಉಂಡದ್ದು, ತಡವಾಗಿ ಅಳಿವೆಗೆ ಮರಳಿ ಮರಳಿನ ಮೇಲೆ ಮನೆಗೆ ನಡೆದದ್ದು, ನಿದ್ದೆ ಬಾರದೆ ಕವಿತೆ ಬರೆದದ್ದು ಎಲ್ಲವೂ ಇವೆ. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದೂ ಇಲ್ಲಿಯೇ. ಆ ಅಧ್ಯಾಯದಲ್ಲಿ ಕಾಶ್ಮೀರ ಇಲ್ಲ. ಜೇಲಂ ದಂಡೆಯ ಶ್ರೀನಗರದಲ್ಲಿ ಅವರು ‘ಬಲಾಕಾ’ ಕವಿತೆ ಬರೆದ ಪ್ರವಾಸ 1915ರದ್ದು. ಅಂದರೆ ಕಾರವಾರದ ಅಧ್ಯಾಯ ಅಚ್ಚಾಗಿ ಮೂರು ವರ್ಷದ ಮೇಲಿನದ್ದು. ಮೇಲಾಗಿ, ಅವರು ಬಂದಾಗ ಕಾರವಾರ ಮುಂಬಯಿ ಪ್ರಾಂತ್ಯದ ಕೆನರಾ ಜಿಲ್ಲೆಯ ಕೇಂದ್ರ. ಕರ್ನಾಟಕ ಎಂಬ ಹೆಸರಿನ ರಾಜ್ಯ ಬರಲು ಇನ್ನೂ ತೊಂಬತ್ತು ವರ್ಷ ಬೇಕಿತ್ತು.

ಇಸವಿಯದ್ದು ಇನ್ನೂ ಸುಲಭ. ಟಾಗೋರರು ಹುಟ್ಟಿದ್ದು 1861ರ ಮೇ 7. ಅವರಿಗೆ 22 ತುಂಬಿದ್ದು 1883ರ ಮೇ ತಿಂಗಳಲ್ಲಿ. ಕಾರವಾರದಿಂದ ಮರಳಿದ ಸ್ವಲ್ಪ ದಿನಕ್ಕೆ ಮದುವೆಯಾಯಿತು ಎಂದು ಅವರೇ ಬರೆದಿದ್ದಾರೆ, ಮದುವೆಯ ದಿನ 1883ರ ಡಿಸೆಂಬರ್ 9. 22 ವರ್ಷ ನಿಜವಾದರೆ 1882 ನಿಲ್ಲುವುದಿಲ್ಲ. ಒಂದೇ ಸಾಲಿನಲ್ಲಿ ಕೂತಿರುವ ಎರಡು ಸಂಖ್ಯೆಗಳು ಒಂದನ್ನೊಂದು ಅಲ್ಲಗಳೆಯುತ್ತಿದ್ದರೂ ಆ ಸಾಲು ಒಬ್ಬರಿಂದ ಒಬ್ಬರಿಗೆ ನಕಲಾಗುತ್ತಲೇ ಬಂದಿದೆ. ಇದನ್ನು ಹಿಡಿಯಲು ಬಂಗಾಳಿ ಬೇಡ, ಗ್ರಂಥಾಲಯವೂ ಬೇಡ. ಕಳೆಯುವ ಲೆಕ್ಕ ಬಂದರೆ ಸಾಕು.

ಇದರಿಂದ ಯಾರಿಗೆ ಏನು ನಷ್ಟ ಎಂದು ಕೇಳುವವರಿದ್ದಾರೆ. ನಷ್ಟ ಕಾರವಾರಕ್ಕೆ. ಮಹಾಕವಿಯೊಬ್ಬ ಈ ಊರನ್ನು ಈ ಊರಾಗಿಯೇ ಕಂಡು, ಇದರ ನದಿ, ಮರಳು, ರೈತನ ಅಂಗಳವನ್ನು ಬರೆದಿಟ್ಟಿದ್ದಾನೆ. ಅದನ್ನು ಬಿಟ್ಟು, ಅವನು ಹೇಳದ ಹೋಲಿಕೆಯೊಂದನ್ನು ನಾವು ಫಲಕಕ್ಕೆ ಏರಿಸಿದ್ದೇವೆ. ಅಂಕೋಲೆಗೂ ಹೀಗೆಯೇ ಆಗಿದೆ. ‘ಕರ್ನಾಟಕದ ಬಾರ್ಡೋಲಿ’ ಎಂಬ ಬಿರುದನ್ನು 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಇಲ್ಲಿ ನಡೆದ ಉಪ್ಪಿನ ಸತ್ಯಾಗ್ರಹದ ಜೊತೆಗೆ ಮಾತ್ರ ಸೇರಿಸಿ ಹೇಳುವುದು ರೂಢಿ. ಆದರೆ ಬಾರ್ಡೋಲಿ 1928ರ ಭೂಕಂದಾಯದ ಹೋರಾಟದ ಹೆಸರು. ಅಂಕೋಲೆಗೆ ಆ ಹೆಸರು ಪೂರ್ತಿ ಸಲ್ಲುವುದು ಉಪ್ಪಿನ ಆನಂತರದ ಕರನಿರಾಕರಣೆಯಿಂದ, ಕಂದಾಯ ಕೊಡದೆ ಜಮೀನನ್ನೇ ಕಳೆದುಕೊಂಡ ರೈತ ಮನೆತನಗಳಿಂದ. ಉಪ್ಪನ್ನಷ್ಟೇ ನೆನೆದರೆ ಅವರೆಲ್ಲ ಬಿರುದಿನೊಳಗಿನಿಂದ ಹೊರಬೀಳುತ್ತಾರೆ.

ಇನ್ನು ಕೈಗಾ. ಇಲ್ಲಿ ಎರಡು ಕಡೆಯಿಂದಲೂ ಮಾತು ಬರುತ್ತದೆ, ಹೊಗಳುವ ಕಡೆಯಿಂದ ಒಂದು, ಹೆದರಿಸುವ ಕಡೆಯಿಂದ ಒಂದು. ಕೈಗಾದ 220 ಮೆಗಾವಾಟ್‌ನ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ, 962 ದಿನ, ಒಮ್ಮೆಯೂ ನಿಲ್ಲದೆ ನಡೆಯಿತು. ಬ್ರಿಟನ್ನಿನ ಹೇಷಮ್ ಸ್ಥಾವರದ 940 ದಿನಗಳ ದಾಖಲೆಯನ್ನು ಅದು ದಾಟಿತು. ಆ ದಿನಕ್ಕೆ ಅದು ವಿಶ್ವದಾಖಲೆಯೇ, ಅದನ್ನು ಸಾಧಿಸಿದವರ ದುಡಿಮೆಗೆ ನನ್ನ ಪೂರ್ಣ ಗೌರವವಿದೆ. ಆದರೆ 2020ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಡಾರ್ಲಿಂಗ್‌ಟನ್ ಘಟಕ ಅದನ್ನು ದಾಟಿತು, 2021ರ ಫೆಬ್ರವರಿಯಲ್ಲಿ ನಿಲ್ಲುವಾಗ 1,106 ದಿನ ಮುಗಿಸಿತ್ತು. ಆಮೇಲೂ ‘ವಿಶ್ವದಾಖಲೆಯ ಕೈಗಾ’ ಎಂದು ವರ್ತಮಾನದಲ್ಲಿ ಬರೆಯುವ ಲೇಖನಗಳಿವೆ. ಇನ್ನೊಂದು ಸಂಗತಿಯನ್ನಂತೂ ಯಾರೂ ಹೇಳುವುದಿಲ್ಲ. ಕೈಗಾದ ಬಗೆಯ ಭಾರಜಲ ರಿಯಾಕ್ಟರುಗಳಿಗೆ ಓಡುತ್ತಿರುವಾಗಲೇ ಇಂಧನ ಬದಲಿಸಬಹುದು. ಜಗತ್ತಿನ ಹೆಚ್ಚಿನ ರಿಯಾಕ್ಟರುಗಳು ಸಾದಾ ನೀರಿನವು, ಇಂಧನಕ್ಕಾಗಿ ಒಂದೂವರೆ ಎರಡು ವರ್ಷಕ್ಕೊಮ್ಮೆ ಅವನ್ನು ನಿಲ್ಲಿಸಲೇಬೇಕು. ಹಾಗಾಗಿ ಈ ಓಟದಲ್ಲಿ ಅವು ಇಲ್ಲವೇ ಇಲ್ಲ. ಯಾರ ಯಾರ ನಡುವಿನ ಸ್ಪರ್ಧೆ ಎಂದು ತಿಳಿದ ಮೇಲೆ ಆ 962 ದಿನ ಚಿಕ್ಕದಾಗುವುದಿಲ್ಲ. ಅದು ಏನನ್ನು ಅಳೆಯುತ್ತದೆ ಎಂಬುದಷ್ಟೇ ಸ್ಪಷ್ಟವಾಗುತ್ತದೆ.

ಹೆದರಿಸುವ ಕಡೆಗೆ ಬರೋಣ. 2009ರ ನವೆಂಬರ್‌ನಲ್ಲಿ ಕೈಗಾದ ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೂತ್ರ ಪರೀಕ್ಷೆಯಲ್ಲಿ ಟ್ರೀಷಿಯಂ ಎಂಬ ವಿಕಿರಣಶೀಲ ವಸ್ತು ಹೆಚ್ಚಾಗಿ ಕಂಡಿತು. ದೇಶದ ಅನೇಕ ತಲೆಬರಹಗಳು ‘ವಿಕಿರಣ ಸೋರಿಕೆ’ ಎಂದವು. ಸ್ಥಾವರದ ಒಳಗಿನ ಕುಡಿಯುವ ನೀರಿನ ಒಂದು ಕೂಲರಿಗೆ ಯಾರೋ ಟ್ರೀಷಿಯಂ ಇದ್ದ ಭಾರಜಲವನ್ನು ಬೆರೆಸಿದ್ದರು ಎಂಬುದು ತನಿಖೆಯಲ್ಲಿ ಹೊರಬಂತು. ರಿಯಾಕ್ಟರಿನಿಂದ ಊರಿನ ಕಡೆಗೆ ಏನೂ ಸೋರಿರಲಿಲ್ಲ. ಹಾಗೆಂದ ಮಾತ್ರಕ್ಕೆ ಅದು ಸಣ್ಣ ಸಂಗತಿಯೂ ಅಲ್ಲ. ಭಾರಜಲ ಕೂಲರಿನವರೆಗೆ ಹೋಗುವಂಥ ಸ್ಥಿತಿ ಒಳಗೆ ಹೇಗೆ ಬಂತು ಎಂಬುದು ಸೋರಿಕೆಗಿಂತ ಕಠಿಣವಾದ ಪ್ರಶ್ನೆ. ತಪ್ಪು ತಲೆಬರಹ ಮಾಡುವ ದೊಡ್ಡ ಹಾನಿ ಇದು: ಸೋರಿಕೆ ಇಲ್ಲ ಎಂದು ಅಧಿಕಾರಿಗಳು ನಿಜವನ್ನೇ ಹೇಳಿ ಕೈತೊಳೆದುಕೊಳ್ಳಲು ಅದು ದಾರಿ ಮಾಡಿಕೊಡುತ್ತದೆ, ಕೇಳಲೇಬೇಕಾಗಿದ್ದ ಪ್ರಶ್ನೆ ಕೇಳದೆ ಉಳಿಯುತ್ತದೆ. ಕೈಗಾದ ಸುತ್ತಲಿನ ಹಳ್ಳಿಗಳ ಜನ ತಮ್ಮ ಆರೋಗ್ಯದ ಬಗ್ಗೆ ಕೇಳುವಾಗ ಅವರಿಗೆ ಬೇಕಾದದ್ದು ಹೊಗಳಿಕೆಯೂ ಅಲ್ಲ, ಭೀತಿಯೂ ಅಲ್ಲ. ದಿನಾಂಕ ಮತ್ತು ಅಳತೆಗಳಿರುವ ಕಾಗದ.

ಹೊಗಳುವ ಸಂಖ್ಯೆಗೆ ಇನ್ನೊಂದು ಉದಾಹರಣೆ ನೋಡಿ. ಕಾಡಿನ ಗಿಡ ಬೆಳೆಸಿದ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರ್‌ನಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆದ ಚಿತ್ರವನ್ನು ನೀವೆಲ್ಲ ನೋಡಿದ್ದೀರಿ. ಅವರು ನೆಟ್ಟ ಗಿಡಗಳು ಒಂದು ವರದಿಯಲ್ಲಿ 30,000, ಇನ್ನೊಂದರಲ್ಲಿ ಒಂದು ಲಕ್ಷ, ಮತ್ತೊಂದರಲ್ಲಿ ಲಕ್ಷಕ್ಕೂ ಮೇಲೆ. 2024ರ ಡಿಸೆಂಬರ್ 16ರಂದು ಅವರು ತೀರಿಕೊಂಡಾಗ ಅವರ ವಯಸ್ಸೂ ಪತ್ರಿಕೆಯಿಂದ ಪತ್ರಿಕೆಗೆ ಬದಲಾಯಿತು. ಸಂಖ್ಯೆಯನ್ನು ಬೆಳೆಸಿದಷ್ಟೂ ಗೌರವ ಬೆಳೆಯುತ್ತದೆ ಎಂದು ಬರೆಯುವವರು ಪ್ರಾಮಾಣಿಕವಾಗಿ ನಂಬಿರಬಹುದು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಯವರಾಗಿ ದುಡಿದು, ಆಮೇಲೆ ಕಾಯಂ ಆದ ಹೆಣ್ಣುಮಗಳು ಅವರು. ಯಾವ ಜಾತಿಯ ತಾಯಿಮರ ಎಲ್ಲಿದೆ, ಅದರ ಬೀಜವನ್ನು ಯಾವಾಗ ಆರಿಸಬೇಕು, ಹೇಗೆ ಮೊಳಕೆ ಬರಿಸಬೇಕು ಎಂಬ ತಿಳಿವಳಿಕೆ ಅವರದ್ದು. ಗಿಡ ನೆಡುವವರು ಸಾವಿರ ಮಂದಿ ಸಿಗುತ್ತಾರೆ, ಕಾಡುಮರದ ಬೀಜದ ಗುಣ ಬಲ್ಲವರು ಸಿಗುವುದಿಲ್ಲ. ಸಂಖ್ಯೆಯ ಹಿಂದೆ ಹೋದವರು ಆ ವಿದ್ಯೆಯನ್ನು ಬರೆದಿಟ್ಟುಕೊಳ್ಳಲಿಲ್ಲ. ಅವರ ಸಮುದಾಯವಾದ ಹಾಲಕ್ಕಿ ಒಕ್ಕಲಿಗರ ಮನೆಯಂಗಳದಲ್ಲಿ ಕೂತು ಕೇಳಿದ್ದರೆ ಸಿಗುತ್ತಿದ್ದ ವಿದ್ಯೆ ಅದು.

ಜಾಹೀರಾತಿನ ಮಾತಿಗೆ ಬರುತ್ತೇನೆ. ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕ, ನಾವೆಲ್ಲ ಜಿಐ ಎನ್ನುವುದು, ಸಿಕ್ಕಿತು. ನನಗೆ ಅದು ಹೆಮ್ಮೆಯ ಸಂಗತಿ. ತೆಳು ಸಿಪ್ಪೆ, ತುಂಬ ತಿರುಳು ಇರುವ ಆ ಹಣ್ಣಿಗೆ ಸಮ ಇಲ್ಲ ಎಂದೇ ನಾನು ನಂಬಿದ್ದೇನೆ. ಆದರೆ ಜಿಐ ಹೇಳುವುದು ಈ ಹೆಸರು, ಈ ಗುಣ ಈ ಪ್ರದೇಶಕ್ಕೆ ಸೇರಿದ್ದು ಎಂದು. ಹೆಸರನ್ನು ಬಳಸುವವರು ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಳ್ಳಬೇಕು ಎಂಬುದು 1999ರ ಕಾಯ್ದೆಯ ವ್ಯವಸ್ಥೆ. ಹಣ್ಣು ಸಾವಯವ ಎಂದಾಗಲಿ, ರಾಸಾಯನಿಕ ಹಾಕಿ ಹಣ್ಣು ಮಾಡಿಲ್ಲ ಎಂದಾಗಲಿ ಜಿಐ ಹೇಳುವುದಿಲ್ಲ. ಮೇ ತಿಂಗಳಲ್ಲಿ ಬೇರೆ ಊರಿನ ಪೆಟ್ಟಿಗೆಯ ಮೇಲೆ ಆ ಹೆಸರು ಕಂಡರೆ, ಮಾರುವವರನ್ನು ಯಾವ ಊರಿನ ತೋಟ ಎಂದು ಕೇಳಿ. ಹಾಗೆ ಕೇಳುವುದರಿಂದ ಲಾಭವಾಗುವುದು ಇಲ್ಲಿನ ಬೆಳೆಗಾರನಿಗೆ.

ಮಾವಿನಲ್ಲಿ ಮೋಸ ಹೋದರೆ ಹಣ ಹೋಗುತ್ತದೆ. ಔಷಧಿಯಲ್ಲಿ ಜೀವ ಹೋಗುತ್ತದೆ. 1954ರಿಂದಲೇ ನಮ್ಮಲ್ಲಿ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಇದೆ. ಯಾವ ಯಾವ ಕಾಯಿಲೆಗಳನ್ನು ವಾಸಿಮಾಡುತ್ತೇವೆ ಎಂದು ಜಾಹೀರಾತು ಕೊಡಬಾರದು ಎಂಬ ಪಟ್ಟಿ ಅದರಲ್ಲಿದೆ, ಪಾರ್ಶ್ವವಾಯು ಆ ಪಟ್ಟಿಯಲ್ಲಿದೆ. ಅಂಕೋಲೆಯ ನಾಟಿ ವೈದ್ಯವನ್ನು ಹುಡುಕಿಕೊಂಡು ಪಾರ್ಶ್ವವಾಯು ಪೀಡಿತರು ದೂರದ ಜಿಲ್ಲೆಗಳಿಂದ ಬರುತ್ತಾರೆ. ಆ ಪರಂಪರೆಯ ಬಗ್ಗೆ ಹಗುರವಾಗಿ ಮಾತಾಡಲು ನಾನು ಇಲ್ಲಿ ನಿಂತಿಲ್ಲ. ತಿಂಗಳುಗಟ್ಟಲೆ ಎಣ್ಣೆ ಹಚ್ಚಿ, ನಡೆಸಿ, ಧೈರ್ಯ ಹೇಳುವ ಆರೈಕೆಯ ಬೆಲೆ ಆಸ್ಪತ್ರೆಯಿಂದ ಮನೆಗೆ ಕಳುಹಿಸಲ್ಪಟ್ಟವರಿಗೆ ಗೊತ್ತು. ಆದರೆ ಆ ಪರಂಪರೆಯ ಹೆಸರು ಹೇಳಿಕೊಂಡು ಬೇರೆ ಯಾರೋ ಒಂದು ವಿಡಿಯೊ ಹಾಕಿ, ಮೊದಲು ಇಲ್ಲಿಗೇ ಬನ್ನಿ ಎಂದರೆ ಅದು ಅಪಾಯ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಬಂದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ, ಸ್ಕ್ಯಾನ್ ಮಾಡಿ ನೋಡಿದ ಮೇಲೆ ಕೊಡಬೇಕು. ವಾಸಿಯಾಗಿ ನಡೆದವರ ವಿಡಿಯೊ ನಿಜವಿರಬಹುದು. ಅವರಿಗೆ ಕಾಯಿಲೆ ಬಂದ ಎಷ್ಟನೆಯ ತಿಂಗಳಿನ ಚಿತ್ರ ಅದು, ಅದಕ್ಕೆ ಮೊದಲು ಯಾವ ಆಸ್ಪತ್ರೆಯಲ್ಲಿ ಏನು ಚಿಕಿತ್ಸೆಯಾಗಿತ್ತು ಎಂಬುದು ವಿಡಿಯೊದಲ್ಲಿ ಇರುವುದಿಲ್ಲ.

ಕಾನೂನು ಈಚೆಗೆ ಇನ್ನಷ್ಟು ಬಿಗಿಯಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡವಿದೆ. 2024ರಲ್ಲಿ, ದಾರಿ ತಪ್ಪಿಸುವ ಔಷಧಿ ಜಾಹೀರಾತಿನ ಪತಂಜಲಿ ಪ್ರಕರಣದಲ್ಲಿ ಕಂಪನಿ ಪತ್ರಿಕೆಗಳಲ್ಲಿ ಕ್ಷಮೆ ಕೇಳಿದಾಗ, ಆ ಕ್ಷಮೆ ನಿಮ್ಮ ಜಾಹೀರಾತಿನಷ್ಟೇ ದೊಡ್ಡದಾಗಿತ್ತೇ ಎಂದು ಸುಪ್ರೀಂ ಕೋರ್ಟ್ ಕೇಳಿತು. ನನಗೆ ಬಹಳ ಮುಖ್ಯ ಎನಿಸುವುದು 2022ರ ಜೂನ್‌ನ ಜಾಹೀರಾತು ಮಾರ್ಗಸೂಚಿಯ ಒಂದು ನಿಯಮ: ಜಾಹೀರಾತು ಯಾವ ಭಾಷೆಯಲ್ಲಿ ಹೇಳಿದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿ, ಅದೇ ಅಕ್ಷರರೂಪದಲ್ಲಿ ಇರಬೇಕು. ನಿಮ್ಮ ಮನೆಗೆ ಬರುವ ಕನ್ನಡ ಪತ್ರಿಕೆಯನ್ನು ಒಂದು ವಾರ ಈ ಕಣ್ಣಿನಿಂದ ನೋಡಿ. ಭರವಸೆ ಕನ್ನಡದಲ್ಲಿ, ಹಸ್ತದಷ್ಟು ಎತ್ತರದ ಅಕ್ಷರದಲ್ಲಿ. ‘ಷರತ್ತುಗಳು ಅನ್ವಯ’ ಎಂಬುದರ ಕೆಳಗಿನ ನಿಜವಾದ ಷರತ್ತು ಇಂಗ್ಲಿಷಿನಲ್ಲಿ, ಕನ್ನಡಕ ಹಾಕಿದರೂ ಕಾಣದ ಅಕ್ಷರದಲ್ಲಿ. ಇಂಗ್ಲಿಷ್ ಬಾರದ ನಮ್ಮ ತಾಯಂದಿರಿಗೆ ಭರವಸೆಯನ್ನು ಮಾತ್ರ ಮಾರಿ, ಷರತ್ತನ್ನು ಮುಚ್ಚಿಡುವುದು ನಿಯಮಭಂಗ. 1915 ಎಂಬ ಗ್ರಾಹಕ ಸಹಾಯವಾಣಿಗೆ ಕನ್ನಡದಲ್ಲಿಯೇ ದೂರು ಕೊಡಿ.

ಆಸ್ಪತ್ರೆಯ ಮಾತು ಬಂದಾಗ ಈ ಜಿಲ್ಲೆಯವರಿಗೆ 2022ರ ಜುಲೈ 20 ನೆನಪಾಗದೆ ಇರದು. ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಮಳೆಯಲ್ಲಿ ಜಾರಿ ಟೋಲ್‌ಗೇಟಿಗೆ ಬಡಿದು ನಾಲ್ವರು ಸತ್ತರು. ಸಿಸಿಟಿವಿಯ ಆ ದೃಶ್ಯ ದೇಶವೆಲ್ಲ ಸುತ್ತಿತು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು ಆಗ ಮತ್ತೆ ಎದ್ದಿತು. ಆ ಟೋಲ್‌ಗೇಟ್ ಇರುವುದು ಶಿರೂರಿನಲ್ಲಿ, ಉಡುಪಿ ಜಿಲ್ಲೆ ಬೈಂದೂರು ತಾಲ್ಲೂಕಿನ ಶಿರೂರು. ಅದೇ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಬಂದರೆ ಅಂಕೋಲೆ ತಾಲ್ಲೂಕಿನಲ್ಲಿ ಇನ್ನೊಂದು ಶಿರೂರಿದೆ, 2024ರಲ್ಲಿ ಗುಡ್ಡ ಕುಸಿದದ್ದು ಅಲ್ಲಿ. ಎರಡೂ ಕಡೆ ದುರಂತ ನಡೆದದ್ದು ಜುಲೈ ತಿಂಗಳ ಮಳೆಯಲ್ಲಿ. ಮುಂದೊಂದು ದಿನ ಯಾರಾದರೂ ಶಿರೂರು, ಹೆದ್ದಾರಿ, ಜುಲೈ ಎಂದು ಹುಡುಕಿದರೆ ಎರಡೂ ಒಟ್ಟಿಗೆ ಸಿಗುತ್ತವೆ. ತಾಲ್ಲೂಕು ಮತ್ತು ಇಸವಿ ಬರೆಯದ ಚಿತ್ರ ಇಂಥಲ್ಲಿ ಎಷ್ಟು ಸುಲಭವಾಗಿ ಊರು ಬದಲಿಸುತ್ತದೆ ಎಂದು ವಿದ್ಯಾರ್ಥಿಗಳು ಗಮನಿಸಬೇಕು.

2024ರ ಜುಲೈ 16ರ ಬೆಳಿಗ್ಗೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಸಂಸಾರ, ಅಲ್ಲಿ ವಾಹನ ನಿಲ್ಲಿಸಿದ್ದವರು ಮಣ್ಣಿನ ಜೊತೆಗೆ ಹೋದರು. ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ಎದ್ದ ನೀರು ಎದುರು ದಂಡೆಯ ಉಳುವರೆಯ ಮನೆಗಳನ್ನು ಬಡಿಯಿತು. ಹನ್ನೊಂದು ಮಂದಿಯನ್ನು ನಾವು ಕಳೆದುಕೊಂಡೆವು. ಅವರಲ್ಲಿ ಒಬ್ಬರು ಕೇರಳದ ಕೋಝಿಕ್ಕೋಡಿನ ಲಾರಿ ಚಾಲಕರು, ಮರ ತುಂಬಿದ ಲಾರಿಯೊಂದಿಗೆ ಊರಿಗೆ ಮರಳುತ್ತಿದ್ದವರು.

ಲಾರಿಯ ಜಿಪಿಎಸ್ ಕೊನೆಯದಾಗಿ ತೋರಿಸಿದ ಜಾಗ ಶಿರೂರಿನ ಆ ಹೆದ್ದಾರಿ. ಇದು ನಿಜ. ಅದರಿಂದ ಹುಟ್ಟಿದ ಮಾತು: ಲಾರಿ ಹೆದ್ದಾರಿಯ ಮೇಲಿನ ಮಣ್ಣಿನಡಿ ಇದೆ, ಚಾಲಕ ಒಳಗೆ ಬದುಕಿರಬಹುದು, ಅಗೆಯುವವರು ಬೇಕೆಂದೇ ನಿಧಾನ ಮಾಡುತ್ತಿದ್ದಾರೆ. ಫೋನ್ ರಿಂಗಾಯಿತು ಎಂಬ ಮಾತೂ ಅದಕ್ಕೆ ಸೇರಿತು. ಆ ಕುಟುಂಬದ ಆಸೆಯನ್ನು ನಾನು ಪ್ರಶ್ನಿಸುವುದಿಲ್ಲ. ಅವರ ಸ್ಥಾನದಲ್ಲಿ ಯಾರಿದ್ದರೂ ಅದೇ ಆಸೆಯನ್ನು ಹಿಡಿದುಕೊಳ್ಳುತ್ತಿದ್ದರು. ಪ್ರಶ್ನೆ ಇರುವುದು ದಿನವಿಡೀ ಅದನ್ನೇ ಪ್ರಸಾರ ಮಾಡಿದವರಿಗೆ. ಜಿಪಿಎಸ್‌ನ ಕೊನೆಯ ದಾಖಲೆ ಎಂದರೆ ಸಾಧನ ಕೊನೆಯ ಸಲ ಸಂಕೇತ ಕಳುಹಿಸಿದಾಗ ಇದ್ದ ಜಾಗ. ಆ ಕ್ಷಣದ ನಂತರ ಗುಡ್ಡ ಲಾರಿಯನ್ನು ಎಲ್ಲಿಗೆ ತಳ್ಳಿತು ಎಂಬುದನ್ನು ಅದು ಹೇಳಲಾರದು. ಈ ಒಂದು ವಾಕ್ಯವನ್ನು ಕನ್ನಡ, ಮಲಯಾಳ ಎರಡೂ ಭಾಷೆಯ ವಾಹಿನಿಗಳು ಸ್ಪಷ್ಟವಾಗಿ ಹೇಳಿದ್ದರೆ ಎಷ್ಟೋ ಸಿಟ್ಟು ಇಳಿಯುತ್ತಿತ್ತು. ರಸ್ತೆಯ ಮೇಲಿನ ಮಣ್ಣಿನಲ್ಲಿ ಲಾರಿ ಇಲ್ಲ ಎಂಬುದು ಸೇನೆ ಬಂದು ಹುಡುಕಿದ ಮೇಲೆ ಖಚಿತವಾಯಿತು. ಆಮೇಲೆ ಯಂತ್ರಗಳ ಸೂಚನೆ ನದಿಯತ್ತ ತಿರುಗಿತು. ಮಲ್ಪೆಯ ಈಶ್ವರ್ ಅವರಂಥ ಮುಳುಗುಗಾರರು ಸೆಳವಿನಲ್ಲಿ ಜೀವ ಪಣಕ್ಕಿಟ್ಟು ಇಳಿದರು. ಕೊನೆಗೆ ಗೋವಾದಿಂದ ಡ್ರೆಜರ್ ಬಂದು, ಸೆಪ್ಟೆಂಬರ್ 25ರಂದು, 71 ದಿನಗಳ ಬಳಿಕ, ಗಂಗಾವಳಿಯ ತಳದಿಂದ ಲಾರಿ ಮೇಲೆ ಬಂತು, ಅದರ ಕ್ಯಾಬಿನ್ನಿನಲ್ಲಿ ಚಾಲಕರ ದೇಹವೂ ಇತ್ತು.

ನಾನು ಏಕಪಕ್ಷೀಯವಾಗಿ ಮಾತಾಡಬಾರದು. ಕೇರಳದ ಪತ್ರಕರ್ತರು ಮಳೆಯಲ್ಲಿ ನಿಂತು ಕೇಳುತ್ತಲೇ ಇದ್ದುದರಿಂದ ಹುಡುಕಾಟ ನಿಲ್ಲಲಿಲ್ಲ. ಡ್ರೆಜರ್ ಬರುವುದರ ಹಿಂದೆ ಆ ಒತ್ತಡವಿತ್ತು ಎಂದು ನನಗೆ ಖಾತ್ರಿ ಇದೆ. ಒಬ್ಬ ಲಾರಿ ಚಾಲಕನಿಗಾಗಿ ಒಂದು ರಾಜ್ಯ ಹಾಗೆ ನಿಂತದ್ದನ್ನು ನಾವು ಕಲಿಯಬೇಕು. ಆದರೆ ಅವರ ಪರದೆಯಲ್ಲಿ ಹನ್ನೊಂದು ಮಂದಿ ಒಬ್ಬರಾದರು. ನಮ್ಮ ಕಡೆಯಲ್ಲಿ ಅದಕ್ಕೆ ಉತ್ತರವಾಗಿ ಬಂದದ್ದು ಉಳಿದ ಹತ್ತು ಮಂದಿಯ ಕಥೆಯಲ್ಲ, ಕೇರಳದವರ ಮೇಲಿನ ಮುನಿಸು. ಹನ್ನೊಂದರಲ್ಲಿ ಇಬ್ಬರು ಲಾರಿ ಸಿಕ್ಕಾಗಲೂ ಸಿಕ್ಕಿರಲಿಲ್ಲ. ಉಳುವರೆಯಲ್ಲಿ ಮನೆ ಕಳೆದುಕೊಂಡವರ ಹೆಸರು ಎಷ್ಟು ತಲೆಬರಹಗಳಲ್ಲಿ ಬಂತು?

ಕಾರಣದ ಬಗ್ಗೆಯೂ ಎರಡು ಮಾತು ಓಡಾಡಿದವು. ಅತಿಯಾದ ಮಳೆ ಎಂದು ಒಂದು, ಚತುಷ್ಪಥಕ್ಕಾಗಿ ಗುಡ್ಡವನ್ನು ಕಡಿದು ನಿಲ್ಲಿಸಿದ ರೀತಿ ಎಂದು ಇನ್ನೊಂದು. ಇವನ್ನು ಪರೀಕ್ಷಿಸುವ ದಾಖಲೆಗಳು ಯಾವುವು ಎಂದು ಹೇಳಬಲ್ಲೆ: ಆ ವಾರದ ಮಳೆಮಾಪಕದ ಲೆಕ್ಕ, ಹೆದ್ದಾರಿಯ ವಿನ್ಯಾಸದ ನಕ್ಷೆಯಲ್ಲಿ ಇಳಿಜಾರಿಗೆ ಕೊಟ್ಟ ಕೋನ, ಗುತ್ತಿಗೆಯ ಕರಾರಿನಲ್ಲಿ ಇಳಿಜಾರಿನ ರಕ್ಷಣೆ ಯಾರ ಹೊಣೆ ಎಂಬ ಕಲಮು, ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ವರದಿ. ಇಂಥ ಕಾಗದಗಳು ಬರೆಯಲ್ಪಡುವುದು ಇಂಗ್ಲಿಷಿನಲ್ಲಿ, ತಾಂತ್ರಿಕ ಭಾಷೆಯಲ್ಲಿ, ಬೇರೆ ಬೇರೆ ಕಚೇರಿಗಳಲ್ಲಿ. ಗುಡ್ಡದ ಕೆಳಗೆ ಮಲಗುವವರು ಕನ್ನಡದವರು. ಸತ್ಯಪರಿಶೀಲನೆ ಎಂದರೆ ಯಾವುದೋ ಚಿತ್ರವನ್ನು ಮೊಬೈಲಿನಲ್ಲಿ ಹಿಮ್ಮುಖವಾಗಿ ಹುಡುಕುವುದು ಎಂದು ಕಮ್ಮಟಗಳಲ್ಲಿ ಕಲಿಸುತ್ತಾರೆ. ಕಲಿಸಲಿ, ಅದು ಬೇಕು. ಆದರೆ ಜನರ ಕೈಗೆ ಮೂಲ ಕಾಗದವೇ ಸಿಗದಿದ್ದರೆ ಅವರು ಪರಿಶೀಲಿಸುವುದು ಯಾವುದನ್ನು?

ಆದ್ದರಿಂದ ಒಂದು ಬೇಡಿಕೆ ಇಟ್ಟು ಮುಗಿಸುತ್ತೇನೆ. ಕಾರವಾರದ ಜಿಲ್ಲಾ ಗ್ರಂಥಾಲಯದಲ್ಲಿ, ಅಂಕೋಲೆಯ ಶಾಖೆಯಲ್ಲಿ, ಒಂದೊಂದು ಕಪಾಟು ಮೂಲ ದಾಖಲೆಗಳಿಗೆ ಮೀಸಲಾಗಬೇಕು. ಟಾಗೋರರು ಬಂದ ಅದೇ 1883ರಲ್ಲಿ ಅಚ್ಚಾದ ಮುಂಬಯಿ ಪ್ರಾಂತ್ಯದ ಕೆನರಾ ಗೆಜೆಟಿಯರಿನ ಎರಡು ಭಾಗಗಳು, ‘ಜೀವನಸ್ಮೃತಿ’ಯ ಕಾರವಾರದ ಅಧ್ಯಾಯದ ಕನ್ನಡ ಪಾಠ, ಕೈಗಾದ ಪರಿಸರ ಮಾಪನದ ವರದಿಗಳು, ಕರಿ ಇಶಾಡದ ಜಿಐ ನೋಂದಣಿ ಪತ್ರ, 2022ರ ಜಾಹೀರಾತು ಮಾರ್ಗಸೂಚಿ, ಮತ್ತು ಎಲ್ಲಕ್ಕಿಂತ ಮೊದಲು ಶಿರೂರಿನ ಕಡತ. ಪ್ರತಿಯೊಂದರ ಜೊತೆಗೆ ನಾಲ್ಕು ಪುಟದ ಕನ್ನಡ ಸಾರಾಂಶವಿರಲಿ. ಸರ್ಕಾರಿ ಕಾಗದಗಳನ್ನು ಮಾಹಿತಿ ಹಕ್ಕಿನ ಅರ್ಜಿಯಿಂದ ತರಿಸಬಹುದು, ಅರ್ಜಿಯ ಶುಲ್ಕ 10 ರೂಪಾಯಿ. ಸಾರಾಂಶ ಬರೆಯುವ ಕೆಲಸವನ್ನು ಇಲ್ಲಿನ ಕಾಲೇಜುಗಳ ಕನ್ನಡ ಮತ್ತು ಭೂಗೋಳ ವಿಭಾಗದ ವಿದ್ಯಾರ್ಥಿಗಳು ಅಧ್ಯಾಪಕರ ಮಾರ್ಗದರ್ಶನದಲ್ಲಿ ಮಾಡಬಲ್ಲರು. ಈ ಉಪನ್ಯಾಸದ ಗೌರವಧನವನ್ನು ಶಿರೂರಿನ ಕಡತದ ನಕಲು ಪ್ರತಿಗಳ ಖರ್ಚಿಗೆ ಸಂಘಟಕರಲ್ಲಿಯೇ ಬಿಟ್ಟು ಹೋಗುತ್ತಿದ್ದೇನೆ. ಅರ್ಜಿಯ ಮೊದಲ ಕರಡನ್ನು ಬರೆಯಲು ಬಯಸುವ ವಿದ್ಯಾರ್ಥಿಗಳು ಈಗಲೇ ವೇದಿಕೆಯ ಬಳಿ ಬನ್ನಿ, ಒಟ್ಟಿಗೆ ಕೂತು ಬರೆಯೋಣ.